ಹಂಡೆ ಒಲೆಯ ಚಿತ್ರ: ಮಳೆಗಾಲದಲ್ಲಿ ಎಣ್ಣೆಬಣ್ಣ ಒಣಗಿಸುವ ಲೆಕ್ಕ

ಜೂನ್ ಕೊನೆ

ಹೊಸ ಕ್ಯಾನ್ವಾಸ್, 18 x 24 ಇಂಚು. ಮಲೆನಾಡಿನ ಹಳೇ ಮನೆಯ ಬಚ್ಚಲು, ಮಸಿ ಹಿಡಿದ ಗೋಡೆ, ತಾಮ್ರದ ಹಂಡೆ, ಕೆಳಗೆ ಉರಿ. ಮುಕ್ಕಾಲು ಭಾಗ ಕತ್ತಲು. ಈ ಕತ್ತಲಿಗೆ ಆಳ ಬರಬೇಕಾದರೆ ತೆಳು ಪದರಗಳನ್ನು ಒಂದರ ಮೇಲೊಂದು ಕೂರಿಸಬೇಕು. ಪ್ರತಿ ಪದರವೂ ಒಣಗಬೇಕು. ಹೊರಗೆ ನೋಡಿದರೆ ಮಳೆ ಬಿಡುವ ಲಕ್ಷಣವೇ ಇಲ್ಲ.

ಎಣ್ಣೆಬಣ್ಣ ಒಗೆದ ಬಟ್ಟೆ ಒಣಗಿದ ಹಾಗೆ ಒಣಗುವುದಿಲ್ಲ. ಆರಿಹೋಗುವುದು ಬಣ್ಣ ತೆಳು ಮಾಡಲು ಬೆರೆಸುವ ಟರ್ಪಂಟೈನ್ ಮಾತ್ರ. ಬಣ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿಕೊಳ್ಳುತ್ತದೆ, ಅದರ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತವೆ. ಹಾಗಾಗಿ ಶುರುವಿನಲ್ಲಿ ಅದರ ತೂಕ ಜಾಸ್ತಿಯೇ ಆಗುತ್ತದೆ! ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆ ಹುರಿಯುವ ಅಗಸಿಯ ಎಣ್ಣೆಯೇ ಇದು. ಕೊಬ್ಬರಿ ಎಣ್ಣೆಗೆ ಈ ಗುಣ ಇಲ್ಲ, ಎಷ್ಟು ಕಾಲ ಇಟ್ಟರೂ ಜಿಡ್ಡು ಜಿಡ್ಡೇ.

ಇದು ಗೊತ್ತಿದ್ದರೆ ಉಪಾಯವೂ ಗೊತ್ತಾಗುತ್ತದೆ. ಬಣ್ಣಕ್ಕೆ ಬೇಕಾದ್ದು ಗಾಳಿಯ ಓಡಾಟ, ಬೆಳಕು, ಸ್ವಲ್ಪ ಬೆಚ್ಚಗೆ. ಚಿತ್ರವನ್ನು ಬೀರುವಿನ ಹಿಂದೆ ಗೋಡೆಗೆ ಆನಿಸಿಟ್ಟರೆ ಒಣಗುವುದೂ ತಡ, ಎಣ್ಣೆ ಹಳದಿಯಾಗುವುದೂ ಬೇಗ. ಮಳೆಗಾಲದಲ್ಲಿ ಬೂಷ್ಟು ಬೇರೆ. ನಾನು ಜಗಲಿಯ ಕಿಟಕಿ ಪಕ್ಕ ಗೋಡೆಗೆ ತಾಗದಂತೆ ಇಟ್ಟು, ಫ್ಯಾನನ್ನು ಕಡಿಮೆ ವೇಗದಲ್ಲಿ ಬಿಟ್ಟಿದ್ದೇನೆ.

ಜುಲೈ, ಮೊದಲ ಪದರ

ಯಾವ ಮೀಡಿಯಂ (ಬಣ್ಣಕ್ಕೆ ಬೆರೆಸುವ ಎಣ್ಣೆ ಅಥವಾ ದ್ರವ) ಒಳ್ಳೇದು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಮೊದಲು ಯಾವ ಟ್ಯೂಬ್ ತೆಗೆಯುತ್ತೀರಿ ಅಂತ ನೋಡಬೇಕು. ಬರ್ಂಟ್ ಅಂಬರ್ ಎಂಬ ಗಾಢ ಕಂದು ಬಣ್ಣದಲ್ಲಿ ಮ್ಯಾಂಗನೀಸ್ ಇದೆ. ಅದು ಎಣ್ಣೆಯನ್ನು ತಾನಾಗಿಯೇ ಬೇಗ ಒಣಗಿಸುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು, ಅಲಿಝರಿನ್ ಕ್ರಿಮ್ಸನ್ ಎಂಬ ಕಡುಗೆಂಪು, ಎರಡೂ ಒಣಗುವುದರಲ್ಲಿ ಸೋಮಾರಿಗಳು. ಮಸಿ ಗೋಡೆ ಅಂದ ತಕ್ಷಣ ಕೈ ಕಪ್ಪು ಟ್ಯೂಬಿಗೇ ಹೋಗುತ್ತದೆ ಅಲ್ವಾ? ತಳದಲ್ಲಿ ಅದನ್ನು ಬಳಿದರೆ ಮೇಲಿನ ಪದರ ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗುತ್ತಾ ಇರುತ್ತದೆ. ಆಮೇಲೆ ಬಿರುಕು. ಅದಕ್ಕೇ ತಳದಲ್ಲಿ ಕಪ್ಪೇ ಇಲ್ಲ. ಬರ್ಂಟ್ ಅಂಬರ್‌ಗೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಸಾಕಷ್ಟು ಗಾಢವಾದ ಮಸಿ ಬಣ್ಣ ಬರುತ್ತದೆ. ಅಂಬರ್ ಇರುವುದರಿಂದ ಬೇಗ ಒಣಗುತ್ತದೆ ಕೂಡ.

ಈ ಪದರಕ್ಕೆ ಎಣ್ಣೆ ಸೇರಿಸಿಲ್ಲ. ತೆಳು ಮಾಡಲು ಒಂಚೂರು ಟರ್ಪಂಟೈನ್, ಅಷ್ಟೇ. ಅದನ್ನೂ ಜಾಸ್ತಿ ಸುರಿದರೆ ಬಣ್ಣ ಹಿಡಿದಿಡಲು ಎಣ್ಣೆಯೇ ಸಾಲದೆ, ಉಜ್ಜಿದರೆ ಪುಡಿ ಏಳುತ್ತದೆ.

ಜುಲೈ ಮಧ್ಯೆ

ಅಂಬರ್ ಬಳಿದ ಜಾಗ ಅಲ್ಲಲ್ಲಿ ಮಂಕಾಗಿ, ಬೂದಿ ಬಳಿದಂತಾಗಿದೆ. ಗಾಬರಿ ಬೇಡ. ಮೇಲಿನ ಎಣ್ಣೆಯನ್ನು ಕೆಳಗಿನ ಗೆಸ್ಸೊ (ಕ್ಯಾನ್ವಾಸಿಗೆ ಮೊದಲೇ ಬಳಿದ ಬಿಳಿ ಲೇಪ) ಹೀರಿಕೊಂಡಿದೆ. ಅಂಬರ್ ಬಣ್ಣಕ್ಕೆ ಇದು ಮಾಮೂಲು. ಆದರೆ ಈ ಮಂಕು ನೋಡಿಕೊಂಡು ಮುಂದಿನ ಬಣ್ಣ ಬೆರೆಸಿದರೆ ಲೆಕ್ಕ ತಪ್ಪುತ್ತದೆ. ಪದರ ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆಗೆ ಟರ್ಪಂಟೈನ್ ಬೆರೆಸಿ, ನೂಲು ಬಿಡದ ಬಟ್ಟೆಯಲ್ಲಿ ತೆಳ್ಳಗೆ ಸವರಿದೆ. ಹೆಚ್ಚಾದದ್ದನ್ನು ಒರೆಸಿ ತೆಗೆದೆ. ನಿಜವಾದ ಬಣ್ಣ ಮತ್ತೆ ಕಾಣಿಸಿತು.

ಆ ಬಟ್ಟೆಯನ್ನು ಸುಮ್ನೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ತಾನಾಗಿಯೇ ಬೆಂಕಿ ಹತ್ತಬಹುದು. ನಾನು ನೀರು ತುಂಬಿದ ಹಳೇ ಡಬ್ಬಿಗೆ ಹಾಕಿ ಮುಚ್ಚಳ ಹಾಕುತ್ತೇನೆ.

ಆಗಸ್ಟ್

ಹಂಡೆಯ ಕೆಲಸ. ನಡುವಿನ ಪದರಕ್ಕೆ ಆಲ್ಕಿಡ್ ಮೀಡಿಯಂ ತೆಗೆದೆ, ಬಣ್ಣ ಬೇಗ ಒಣಗಿಸುವ ರಾಳದ ಮಿಶ್ರಣ ಅದು. ಬಣ್ಣ, ದಪ್ಪ ನೋಡಿಕೊಂಡು 1 ರಿಂದ 6 ದಿನದಲ್ಲಿ ಮುಟ್ಟಿದರೆ ಅಂಟದಷ್ಟು ಒಣಗುತ್ತದೆ. ಬೆಲೆ ಜಾಸ್ತಿ, ವಾಸನೆಯೂ ಜಾಸ್ತಿ, ಪ್ಯಾಲೆಟ್ ಮೇಲೆ ಬೇಗ ಅಂಟಾಗಿಬಿಡುತ್ತದೆ. ಆದರೂ ಮಳೆಗಾಲಕ್ಕೆ ಒಪ್ಪಿದೆ. ಒಂದೇ ನಿಯಮ: ಇದು ಕೆಳಗಿರಬೇಕು, ನಿಧಾನಕ್ಕೆ ಒಣಗುವ ಎಣ್ಣೆ ಮೇಲಿರಬೇಕು. ತಿರುಗಾಮುರುಗಾ ಆಗಬಾರದು.

ಹಂಡೆಯ ಕೆಂಪು ಹೊಳಪಿಗೆ ಮೇಲೆ ಅಲಿಝರಿನ್‌ನ ತೆಳು ಗ್ಲೇಜ್ (ಕೆಳಗಿನ ಬಣ್ಣ ಕಾಣುವಂಥ ಪಾರದರ್ಶಕ ಪದರ), ಸ್ಟ್ಯಾಂಡ್ ಆಯಿಲ್ ಜೊತೆ. ಅಗಸೆ ಎಣ್ಣೆಯನ್ನು ಗಾಳಿ ತಾಗದಂತೆ ಕಾಯಿಸಿ ಮಾಡಿದ ಮಂದ ಎಣ್ಣೆ ಈ ಸ್ಟ್ಯಾಂಡ್ ಆಯಿಲ್. ಬ್ರಷ್ಷಿನ ಗೀರು ಉಳಿಯದೆ ನಯವಾಗಿ ಕೂರುತ್ತದೆ, ಹಳದಿಯಾಗುವುದೂ ಕಡಿಮೆ. ಆದರೆ ಒಣಗಲು ಸತಾಯಿಸುತ್ತದೆ. ಸೋಮಾರಿ ಬಣ್ಣಕ್ಕೆ ಸೋಮಾರಿ ಎಣ್ಣೆ! ಹಂಡೆಗೆ ಇದೇ ಕೊನೆಯ ಪದರ ಆದ್ದರಿಂದ ಇರಲಿ ಬಿಡಿ. ಹನಿ ಲೆಕ್ಕದಲ್ಲಿ ಹಾಕಿದ್ದೇನೆ, ಎಣ್ಣೆ ಹೆಚ್ಚಾದರೆ ಮೇಲ್ಮೈ ಸುಕ್ಕುಗಟ್ಟುತ್ತದೆ.

ಬಾಕಿ ಇರುವುದು ಉಗಿ. ಟೈಟೇನಿಯಂ ವೈಟ್ ಬಳಸುವ ಯೋಚನೆ, ವಾಲ್‌ನಟ್ ಎಣ್ಣೆ ಜೊತೆ. ಅಗಸೆ ಎಣ್ಣೆಯಷ್ಟು ಅದು ಹಳದಿಯಾಗುವುದಿಲ್ಲ. ಅಲಿಝರಿನ್ ಇನ್ನೂ ಬೆರಳಿಗೆ ಅಂಟುತ್ತಿದೆ, ಅದು ಬಿಟ್ಟ ಮೇಲೇ ಬಿಳಿ ಮುಟ್ಟುವುದು. ವಾರ್ನಿಷ್ ಮುಂದಿನ ಬೇಸಿಗೆಗೆ.