ಖಡು ಹಿಡಿಸಿದ ಮಾಸ್ತರು

ಕಳೆದ ತಿಂಗಳು ನಮ್ಮ ಚಿತ್ರಕಲಾ ಮಾಸ್ತರು ತೀರಿಕೊಂಡರು. ಗದಗಿಗೆ ಮಣ್ಣಿಗೆ ಹೋಗಿದ್ದೆ. ಬರುವಾಗ ಹಳೆಯ ವರ್ಗದ ಕೋಣೆಗೆ ಹಾಯ್ದು ಬಂದೆ. ಕಪ್ಪು ಹಲಗೆ ಇರಲಿಲ್ಲ. ಆ ಜಾಗದಲ್ಲಿ ಬಿಳಿ ಬೋರ್ಡು.

ಅಲ್ಲಿ ಓದಿದ್ದು ಹೆಚ್ಚೇನೂ ನೆನಪಿಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗದಲ್ಲಿ ಟಿ.ಪಿ. ಅಕ್ಕಿಯವರು ಚಿತ್ರಶಾಲೆ ಕಟ್ಟಿದ್ದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅದಷ್ಟು ಉಳಿದಿದೆ. ಖಡು, ಅಂದರೆ ಸೀಮೆಸುಣ್ಣ, ಮಾತ್ರ ಇನ್ನೂ ಬೆರಳಲ್ಲೇ ಇದೆ.

ಮೊದಲ ವರ್ಷ ಮಾಸ್ತರು ಪೆನ್ಸಿಲ್ ಮುಟ್ಟಗೊಡಲಿಲ್ಲ. ಹತ್ತಿ ಮಾರ್ಕೆಟ್ಟಿನ ಹಮಾಲ, ಬೆಟಗೇರಿಯ ನೇಕಾರ, ಚಹಾ ತರುವ ಹುಡುಗ, ಯಾರು ಸಿಕ್ಕರೆ ಅವರನ್ನು ಕರೆತಂದು ನಿಲ್ಲಿಸುತ್ತಿದ್ದರು. ಬರೆಯಲು ಎರಡು ನಿಮಿಷ. ಆಮೇಲೆ ಡಸ್ಟರ್. ಖಡು ಮುರಿದು ಅಡ್ಡ ಹಿಡಿಯಬೇಕು. ಮೊದಲು ಬೆನ್ನಿನ ಬಾಗು, ಆಮೇಲೆ ಭಾರ ಯಾವ ಕಾಲ ಮೇಲಿದೆ ಅನ್ನೋದು. ಭಾರ ಬಿದ್ದ ಕಡೆ ಸೊಂಟ ಏರುತ್ತದೆ, ಭುಜ ಇಳಿಯುತ್ತದೆ. ಮೈಯುದ್ದ ಏಳೂವರೆ ತಲೆ ಅನ್ನೋದು ಪುಸ್ತಕದ ಲೆಕ್ಕ. "ಹಮಾಲನ ಬೆನ್ನ ಮ್ಯಾಲೆ ಚೀಲ ಬಿದ್ದ ಮ್ಯಾಲೆ ಎಣಸಪಾ, ನೋಡೂಣು" ಎನ್ನುತ್ತಿದ್ದರು.

ಕಾಗದದ ಮೇಲೆ ನಾವು ನೆರಳು ಬರೆಯುತ್ತೇವೆ. ಕಪ್ಪು ಹಲಗೆಯಲ್ಲಿ ನೆರಳು ಮೊದಲೇ ಇರುತ್ತದೆ, ಬೆಳಕು ಬರೆಯಬೇಕು. ಇದು ನನ್ನ ತಲೆಗೆ ಹೋಗಲು ಆರು ತಿಂಗಳು ಹಿಡಿಯಿತು. ಬಿಳಿ ಬೋರ್ಡಿನ ಮೇಲೆ ಇದನ್ನು ಹೇಗೆ ಕಲಿಸುತ್ತಾರೋ! ಈಗಿನ ಹುಡುಗರು ಮೊಬೈಲಿನ ಫೋಟೊ ನೋಡಿ ಕಣ್ಣು, ಮೂಗು ಚೊಕ್ಕ ಬರೆಯುತ್ತಾರೆ. ಆದರೆ ಚಿತ್ರದ ಮನುಷ್ಯ ನೆಲದ ಮೇಲೆ ನಿಂತಿರೋದೇ ಇಲ್ಲ.

ಸಕ್ಕರೆ ನೀರಲ್ಲಿ ನೆನೆಸಿದ ಖಡು ಜಾಸ್ತಿ ಬೆಳ್ಳಗೆ ಮೂಡುತ್ತದೆ, ಬೇಗ ಅಳಿಯುವುದಿಲ್ಲ ಎಂದು ಯಾರೋ ಹೇಳಿದರು. ಸುಮ್ನೆ ಇರ್ತೇವಾ? ಒಂದು ಸಂಜೆ, ಮಾಸ್ತರು ಕುರ್ಚಿಯಲ್ಲಿ ತೂಕಡಿಸುವ ಚಿತ್ರ ಬರೆದು ಓಡಿದೆವು. ಬೆಳಿಗ್ಗೆ ಬಂದು ನೋಡಿದರೆ ಇರುವೆ ಸಾಲು, ಸರಿಯಾಗಿ ಹೊಟ್ಟೆಯ ಗೆರೆಗುಂಟ. ಮಾಸ್ತರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇರಿವಿ ಗೆರಿ ಚಲೋ ಹಿಡದಾವ. ಕುರ್ಚಿ ಯಾರು ಬರದೀರಿ? ನಾ ಬೀಳ್ತೀನಲ್ಲೋ!"

ಕುರ್ಚಿ ನಾನೇ ಬರೆದದ್ದು. ಇವತ್ತು ನನ್ನ ಚಿತ್ರಗಳು ಬೆಂಗಳೂರು, ಮುಂಬೈ ತನಕ ಹೋಗಿವೆ, ನಾನೇ ಹೇಳಿಕೊಳ್ಳಬಾರದು. ಚಿತ್ರದಲ್ಲಿ ಕುರ್ಚಿ ಬಂತೆಂದರೆ ಮಾತ್ರ ಈಗಲೂ ಮೊದಲು ಅದರ ನಾಲ್ಕು ಕಾಲು ಬರೆಯುತ್ತೇನೆ.