ಒಂದೇ ಚೌಕಟ್ಟಿನಲ್ಲಿ ಇಬ್ಬರು

ಇಂದು ಸಂಜೆ ಹಾಲಿವುಡ್‌ನ ಹಾಸ್ಯ ಜೋಡಿ ಲಾರೆಲ್ ಮತ್ತು ಹಾರ್ಡಿ ಅವರ 1932ರ ಕಿರುಚಿತ್ರ ‘ದಿ ಮ್ಯೂಸಿಕ್ ಬಾಕ್ಸ್’ ಅನ್ನು ಮತ್ತೊಮ್ಮೆ ನೋಡಿದೆ.

ಕಥೆಯೆಂದು ಹೇಳಲು ಅದರಲ್ಲಿ ಹೆಚ್ಚೇನೂ ಇಲ್ಲ: ಇಬ್ಬರು ಗೆಳೆಯರು ಪಿಯಾನೊ ಇರುವ ಪೆಟ್ಟಿಗೆಯನ್ನು ಉದ್ದನೆಯ ಮೆಟ್ಟಿಲುಗಳ ಮೇಲೆ ಸಾಗಿಸಬೇಕು, ಅದು ಮತ್ತೆ ಮತ್ತೆ ಕೆಳಕ್ಕೆ ಜಾರುತ್ತದೆ. ಆಸ್ಕರ್ ಪಡೆದ ಆ ಚಿತ್ರ ಇಂದಿಗೂ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತದೆ.

ಪೆಟ್ಟಿಗೆ ಜಾರುವುದಕ್ಕಿಂತ, ಎಡವಟ್ಟಾದ ಮೇಲಿನ ಮೌನವೇ ನನಗೆ ಹೆಚ್ಚು ಪ್ರಿಯ. ಹಾರ್ಡಿ ತಮ್ಮ ಎಂದಿನ ರೀತಿಯಲ್ಲಿ ಕ್ಯಾಮೆರಾದತ್ತ ತಿರುಗಿ, ಇವನೊಂದಿಗೆ ಹೇಗೆ ಏಗಲಿ ಎಂದು ನಮ್ಮನ್ನೇ ಕೇಳುವಂತೆ ದಿಟ್ಟಿಸುವಾಗ, ಲಾರೆಲ್ ಏನೂ ತಿಳಿಯದವರಂತೆ ತಲೆ ಕೆರೆದುಕೊಳ್ಳುತ್ತಾರೆ. ಒಬ್ಬರು ನಗಿಸುವಾಗ ಇನ್ನೊಬ್ಬರು ಅವಸರಪಡದೆ ಕಾಯುತ್ತಾರೆ. 1927ರಲ್ಲಿ ಅಧಿಕೃತವಾಗಿ ಜೋಡಿಯಾಗುವ ಮೊದಲು ಇಬ್ಬರೂ ಬೇರೆ ಬೇರೆಯಾಗಿ ಅನೇಕ ಚಿತ್ರಗಳಲ್ಲಿ ನಟಿಸಿದ್ದರು, ಆದರೆ ಜಗತ್ತು ನೆನೆಯುವುದು ಜೋಡಿಯನ್ನೇ.

ಗೆಳೆತನದ ಹಾಸ್ಯಚಿತ್ರಕ್ಕೆ ಬರವಣಿಗೆ ಮುಖ್ಯವಲ್ಲವೆಂದು ನಾನು ಹೇಳಲಾರೆ. ಆದರೆ ನಾಯಕರಿಬ್ಬರ ನಡುವೆ ಹೊಂದಾಣಿಕೆ ಇದ್ದರೆ ಸಾಧಾರಣ ಸಂಭಾಷಣೆಗೂ ಜೀವ ಬರುತ್ತದೆ. ಅದಕ್ಕಾಗಿಯೇ, ಒಬ್ಬರ ಮಾತಿಗೆ ಒಂದು ಕ್ಲೋಸಪ್, ಇನ್ನೊಬ್ಬರ ಉತ್ತರಕ್ಕೆ ಮತ್ತೊಂದು ಕ್ಲೋಸಪ್ ಎಂದು ದೃಶ್ಯವನ್ನು ತುಂಡರಿಸುವ ನಿರ್ದೇಶಕರಲ್ಲಿ ನನ್ನದೊಂದು ಪ್ರೀತಿಯ ಕೋರಿಕೆ: ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ, ಇನ್ನೂ ಸ್ವಲ್ಪ ಹೊತ್ತು, ನಮಗೆ ನೋಡಲು ಬಿಡಿ.