ಸುತ್ತಗಿ ಬಿಟ್ಟು ಬರ್ರಿ, ಕಲ್ಲು ನೋಡಾಕ ಹೋಗೂಣು

ಹಳೇ ಕಲ್ಲು, ಪಳೆಯುಳಿಕಿ ನೋಡಾಕ ಅಡ್ಡಾಡೋ ನಮ್ಮ ಗುಂಪಿಗೆ ಹೊಸದಾಗಿ ಬಂದೋರು ಮೊದ್ಲ ಕೇಳೂದು ಇದ, ಇಲ್ಲಿ ಡೈನೋಸಾರ್ ಎಲುಬು ಸಿಗ್ತಾವೇನ್ರಿ ಸರ ಅಂತ. ಬಾಗಲಕೋಟಿ ಸುತ್ತಿನ ಹಳೇ ಕಲ್ಲಿನಾಗ ಸಿಗಂಗಿಲ್ರಿ, ಯಾಕಂದ್ರ ಈ ಕಲ್ಲು ಆಗೂವಾಗ ಡೈನೋಸಾರ್ ಅಷ್ಟ ಅಲ್ಲ, ಎಲುಬು ಅನ್ನೂದು ಇರೋ ಒಂದು ಪ್ರಾಣೀನೂ ಭೂಮಿ ಮ್ಯಾಲ ಇರ್ಲಿಲ್ಲ. ಭೂವಿಜ್ಞಾನದಾಗ ಕಲಾದಗಿ ಶಿಲಾಸಮೂಹ ಅಂತ ಬರ್ತೈತಲ್ಲ, ಅದು ನಮ್ಮ ಹಣ್ಣಿನ ತೋಟದ ಕಲಾದಗಿ ಹೆಸರ, ಅದರಾಗಿನ ಸುಣ್ಣದ ಕಲ್ಲು, ಸುಣ್ಣದ ಕಲ್ಲಿನಂಥಾದ ಆದ್ರ ಮೆಗ್ನೀಸಿಯಂ ಕೂಡಿದ ಡಾಲೊಮೈಟ್ ನೂರು ಕೋಟಿ ವರ್ಷಕ್ಕಿಂತ ಹಳೇವು. ಡೈನೋಸಾರ್ ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದ, ಅಂದ್ರ ಅವು ಹುಟ್ಟೂ ಹೊತ್ತಿಗೇ ನಮ್ಮ ಲೋಕಾಪುರದ ಕಲ್ಲು ಭಾಳ ಮುದುಕ ಆಗಿತ್ತು.

ಇದನ್ನ ಕೇಳಿ ಕೆಲವರ ಮಾರಿ ಸಣ್ಣದಾಗತೈತಿ. ಆದ್ರ ನನಗ ಎಲುಬಿಗಿಂತ ಇಲ್ಲಿ ಸಿಗೂದ ದೊಡ್ಡದು ಅನಿಸ್ತೈತಿ. ಇಲ್ಲಿ ಸಿಗೂದು ಸ್ಟ್ರೊಮ್ಯಾಟೊಲೈಟ್. ಸಯನೋಬ್ಯಾಕ್ಟೀರಿಯಾ ಅನ್ನೋ ಕಣ್ಣಿಗೆ ಕಾಣದ ಜೀವಿಗಳು ಆಳ ಇಲ್ಲದ ಸಮುದ್ರದ ತಳದಾಗ ಜಿಗಟು ಪದರ ಆಗಿ ಹಬ್ಬತಿದ್ವು, ನೀರಿನಾಗಿನ ಸಣ್ಣ ಕಣ ಬಂದು ಅದಕ್ಕ ಅಂಟ್ಕೊಂತಿದ್ವು, ಜೋಡಿಗೆ ಸುಣ್ಣನೂ ಕೂಡ್ತಿತ್ತು, ಮ್ಯಾಲ ಮುಚ್ಚಿದ ಕೂಡ್ಲೆ ಬೆಳಕಿನ ಸಲುವಾಗಿ ಜೀವಿಗಳು ಮತ್ತ ಮ್ಯಾಲ ಹತ್ತತಿದ್ವು, ಹಿಂಗ ಪದರದ ಮ್ಯಾಲ ಪದರ ಕೂತು ಸಣ್ಣ ಸಣ್ಣ ಗುಮ್ಮಟದಂಗ ಉಬ್ಬಿ ಕಲ್ಲಾದ್ವು. ನಾವು ಇವತ್ತು ಉಸಿರಾಡೋ ಗಾಳಿಗೆ ಆಕ್ಸಿಜನ್ ತುಂಬಾಕ ಶುರು ಮಾಡಿದ್ದು ಇಂಥಾ ಜೀವಿಗಳ. ಆಸ್ಟ್ರೇಲಿಯಾದ ಶಾರ್ಕ್ ಬೇದಾಗ ಇಂಥಾವು ಇವತ್ತೂ ಜೀವಂತ ಬೆಳೀತಾವ. ನಮ್ಮಲ್ಲಿ ಮುಧೋಳ ತಾಲೂಕಿನ ಆಲಗುಂಡಿ, ಚಿತ್ರಭಾನುಕೋಟಿ ಸೀಮ್ಯಾಗ ಕಲ್ಲಾಗಿ ಕೂತಾವ, ವಿಜ್ಞಾನಿಗಳು 1970ರ ಸುಮಾರಿಗೇ ಇವುಗಳ ಬಗ್ಗೆ ಬರದಾರ, ಆದ್ರ ಪಕ್ಕದ ಸಾಲಿ ಹುಡುಗರಿಗೆ ಇನ್ನೂ ಗೊತ್ತಿಲ್ಲ, ಅದು ನನಗ ಭಾಳ ಬ್ಯಾಸರದ ಸಂಗತಿ.

ನಾವು ಹೋಗೂದು ಹೆಚ್ಚಾಗಿ ಜ್ವಾಳದ ರಾಶಿ ಮುಗದ ಮ್ಯಾಲ. ಹೊಲ ಖಾಲಿ ಇರ್ತಾವ, ಬೆಳಿ ತುಳದಂಗ ಆಗಂಗಿಲ್ಲ, ಕಲ್ಲಿನ ಸಾಲು ದೂರದಿಂದನ ಕಾಣ್ತಾವ. ನಸುಕಿನಾಗ ಬಸ್ಸು ಹಿಡದು ಹೋಗಬೇಕು, ಬಿಸಿಲು ಓರಿ ಇದ್ದಾಗ ಕಲ್ಲಿನ ಮ್ಯಾಲಿನ ಉಬ್ಬು ತಗ್ಗು ಎದ್ದು ಕಾಣೂವಂಗ ನಡುಮಧ್ಯಾಹ್ನ ಕಾಣಂಗಿಲ್ಲ. ಮೊದ್ಲ ಹೊಲದವ್ರ ಮನಿಗೆ ಹೋಗಿ ಕೇಳೂದು, ಇದರಾಗ ರಿಯಾಯ್ತಿ ಇಲ್ಲ. ಹೋದ ವರ್ಷ ಹಿಂಗ ಕೇಳಾಕ ಹೋದಾಗ ಆ ಹೊಲದ ಕಾಕಾ ನಮ್ಮ ಜೋಡಿನ ಬಂದ್ರು. ಒಡ್ಡಿನ ಬಾಜೂಕ ಒಂದು ಬೂದಿ ಬಣ್ಣದ ಬಂಡಿ, ನೋಡಿದ್ರ ಸಾದಾ ಕಲ್ಲು. ನಮ್ಮ ಜೋಡಿ ಬರೋ ಟೀಚರಮ್ಮ ಬಾಟಲಿ ನೀರು ಅದರ ಮ್ಯಾಲ ಹಾಕಿ ಕೈಲೆ ಸವರಿದ್ರು, ಅಷ್ಟ ನೋಡ್ರಿ, ಒಣಗಿದ್ದಾಗ ಏನೂ ಕಾಣದ ಕಲ್ಲಿನ ಮ್ಯಾಲ ಉಳ್ಳಾಗಡ್ಡಿ ಅಡ್ಡ ಕೊಯ್ದಂಗ ಸುತ್ತು ಸುತ್ತು ಗೆರಿ, ಒಂದು ಕಪ್ಪು ಒಂದು ಬಿಳಿ, ಒಂದರ ಮಗ್ಗಲ ಇನ್ನೊಂದು. ಆಮ್ಯಾಲ ಡ್ರಾಪರ್‌ಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಬಿಟ್ರ ಕಲ್ಲು ಸುಮ್ನ ಇತ್ತು, ಬಿದ್ದಿದ್ದ ಒಂದು ಚೂರನ್ನ ಚಾಕುಲೆ ಕೆರದು ಪುಡಿ ಮ್ಯಾಲ ಬಿಟ್ರ ಬುಸ್ ಅಂತ ಸಣ್ಣ ನೊರಿ. ಸುಣ್ಣದ ಕಲ್ಲು ಆಗಿದ್ರ ಸೀದಾ ಉಕ್ತಿತ್ತು, ಪುಡಿ ಮಾಡಿದ್ರ ಅಷ್ಟ ಉಕ್ಕೂದು ಡಾಲೊಮೈಟ್. ಕಾಕಾ ಅದನ್ನ ನೋಡಿ, ಇಂಥಾ ಚಿತ್ರದ ಕಲ್ಲು ನಮ್ಮ ಹಳ್ಳದಾಗ ಭಾಳ ಅದಾವ ಬರ್ರಿ ಸರ ಅಂದು ಮುಂದ ನಡದ್ರು, ಅವತ್ತಿನ ಚಲೋ ಜಾಗ ಎಲ್ಲಾ ಅವರ ತೋರಿಸಿದ್ದು.

ಗುಂಪಾಗಿ ಹೋಗೂದು ಇದಕ್ಕ. ಒಬ್ಬರಿಗೆ ಕಲ್ಲಿನ ಹೆಸರು ಗೊತ್ತು, ಒಬ್ಬರಿಗೆ ಫೋಟೋ ಗೊತ್ತು, ಹೊಲದವ್ರಿಗೆ ನೆಲ ಗೊತ್ತು. ಮತ್ತ ತಪ್ಪು ತಿಳಕೊಳ್ಳೂದೂ ಕಡಿಮಿ ಆಗತೈತಿ. ಒಂದು ಸಲ ಕಾಲೇಜ್ ಹುಡುಗಿ ಒಬ್ಬಾಕಿ ತಿಳಿ ಬಣ್ಣದ ಹಾಳಿ ಕಲ್ಲು ತಂದ್ಲು, ಅದರ ಮ್ಯಾಲ ಕರ್ರಗ ಜರಿಗಿಡದಂಥಾ ಅಚ್ಚು, ಎಷ್ಟ ಚಂದ ಅಂದ್ರ ಎಲಿ ಎಲಿ ಎಣಿಸಬಹುದು. ಲೆನ್ಸ್ ಹಿಡದು ಎಲ್ಲಾರೂ ನೋಡಿದ್ವಿ, ಎಲಿಗೆ ನರ ಇಲ್ಲ, ದಂಟು ಇಲ್ಲ, ಗೆರಿ ಎಲ್ಲಾ ಕಲ್ಲಿನ ಬಿರುಕಿನಿಂದ ಶುರು ಆಗ್ಯಾವ. ಅದು ಡೆಂಡ್ರೈಟ್, ಬಿರುಕಿನಾಗ ಇಳದ ನೀರಿನಾಗಿನ ಮ್ಯಾಂಗನೀಸ್ ಕೂತು ಆದದ್ದು, ಗಿಡಾನೂ ಅಲ್ಲ ಪಳೆಯುಳಿಕಿನೂ ಅಲ್ಲ. ಬಾದಾಮಿ ಕಲ್ಲಿನ ಮ್ಯಾಲಿನ ನೀರಿನ ಅಲಿ ಗುರ್ತೂ ಹಂಗ, ನೀರು ಆಡಿದ ಗುರ್ತು ಅಷ್ಟ.

ಈಗ ಜಗಳದ ವಿಷಯ. ಪ್ರತಿ ಸಲ ಯಾರರೆ ಒಬ್ಬರು ಸುತ್ತಗಿ ತಂದಿರ್ತಾರ, ಒಂದು ತುಂಡು ಒಡಕೊಂಡು ಮನಿ ಶೋಕೇಸ್‌ನಾಗ ಇಡ್ತೀನಿ ಅಂತಾರ. ನಾನು ಬ್ಯಾಡ ಅಂತೀನಿ, ಗಟ್ಟಿಯಾಗೇ ಅಂತೀನಿ. ಸ್ಟ್ರೊಮ್ಯಾಟೊಲೈಟ್ ಗುಮ್ಮಟದ ಉಬ್ಬು ಬೆಳಕಿನ ಕಡೆ ಇರ್ತೈತಿ, ಅದನ್ನ ನೋಡೇ ಈ ಮಡಚಿದ, ಓರಿ ಆದ ಪದರಿನಾಗ ಮೊದ್ಲ ಯಾವುದು ಮ್ಯಾಲಿತ್ತು ಅಂತ ಹೇಳೂದು, ತುಂಡು ಒಡದು ಕಿಸೇದಾಗ ಹಾಕ್ಕೊಂಡ ಮ್ಯಾಲ ಅದು ಯಾವ ಮಾತೂ ಹೇಳಂಗಿಲ್ಲ. ಗೋಕಾಕ ಹತ್ರ ಚಿಕ್ಕದೌಲಿಯಾಗ, ಈ ಹಳೇ ಕಲ್ಲಿನಾಗಲ್ಲ, ಭಾಳ ಈಚಿನ ಮಣ್ಣಿನಾಗ ಸಿಕ್ಕ ಘೇಂಡಾಮೃಗದ ಎಲುಬಿಂದ ತಗೋರಿ. ರಾಬರ್ಟ್ ಬ್ರೂಸ್ ಫೂಟ್ ಅಂತ ಭೂವಿಜ್ಞಾನ ಇಲಾಖೆಯ ಅಧಿಕಾರಿ, 1863ರಾಗ ಮದ್ರಾಸ್ ಹತ್ರ ಪಲ್ಲಾವರಂದಾಗ ಹಳೇ ಶಿಲಾಯುಗದ ಕಲ್ಲಿನ ಆಯುಧ ಗುರ್ತಿಸಿದವ್ರು, ಅವರ 1874ರಾಗ ಈ ಪಳೆಯುಳಿಕಿಗೆ ರೈನೋಸರಸ್ ಡೆಕ್ಕನೆನ್ಸಿಸ್ ಅಂತ ಹೆಸರಿಟ್ಟು ಬರದ್ರು. ಈಗ ಘೇಂಡಾಮೃಗ ನೋಡಬೇಕಂದ್ರ ನಾವು ಅಸ್ಸಾಮಿಗೆ ಹೋಗಬೇಕು, ಅಂಥಾ ಪ್ರಾಣಿ ಘಟಪ್ರಭಾ ಸೀಮ್ಯಾಗ ಅಡ್ಡಾಡಿತ್ತು ಅಂತ ನಾವು ಇವತ್ತು ಹೇಳೂದು ಯಾವ ಊರಿಂದು ಅನ್ನೂದು ಬರದಿಟ್ಟದ್ದಕ್ಕ. ಅದನ್ನ ಯಾರರೆ ಭಾಳ ಚಲೋ ಐತಿ ಅಂತ ಮನಿಗೆ ಒಯ್ದಿದ್ರ ಒಂದು ಎಲುಬಿನ ತುಂಡು, ಮುಗೀತು.

ಹಂಗಂತ ನಾನು ಏನೂ ಮುಟ್ಟಬ್ಯಾಡ್ರಿ ಅನ್ನಂಗಿಲ್ಲ. ಕಲ್ಲಿನ ಖಣಿ ಬಾಜೂಕ ಒಡದು ಬಿದ್ದ ರಾಶಿ ಇರ್ತೈತಿ, ಅದು ನಾಳೆ ಕ್ರಷರಿಗೆ ಹೋಗೂದ, ಖಣಿಯವ್ರನ್ನ ಕೇಳಿ ಅಲ್ಲಿಂದ ಒಂದೆರಡು ತುಂಡು ಸಾಲಿಗೆ ಕೊಡಾಕ ತರ್ತೀವಿ, ತುಂಡಿನ ಮ್ಯಾಲ ಊರು, ತಾರೀಖು ಬರದು. ಲೋಕಾಪುರ ಸುತ್ತ ಸಿಮೆಂಟಿಗೆ, ಸುಣ್ಣಕ್ಕ ಕಲ್ಲು ಬೇಕ ಬೇಕು, ಮಂದಿ ಹೊಟ್ಟಿ ಅದರ ಮ್ಯಾಲ ನಡೀತೈತಿ, ಆದ್ರ ಒಂದೆರಡು ಚಲೋ ಬಂಡಿಗೆ ಬೇಲಿ ಹಾಕಿ ಒಂದು ಬೋರ್ಡ್ ನಿಲ್ಲಿಸಿದ್ರ ಯಾರ ಕೆಲಸಾನೂ ನಿಲ್ಲಂಗಿಲ್ಲ. ರಾಜಸ್ಥಾನದಾಗ ಝಾಮರಕೋಟಡಾ, ಭೋಜುಂದಾ ಕಡೆ ಇಂಥಾ ಕಲ್ಲನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಮಾಡ್ಯಾರ, ನಮ್ಮ ಗ್ರಾಮ ಪಂಚಾಯ್ತಿಗೆ ಅರ್ಜಿ ಬರಿಯಾಕ ಹತ್ತೀವಿ, ಫೋಟೋ ಜೋಡಿ ಜಿಪಿಎಸ್ ನಂಬರೂ ಹಚ್ಚಿ.

ಮುಂದಿನ ಸಲ ಬರೋರು ನೀರು ಜಾಸ್ತಿ ತರ್ರಿ, ಕುಡಿಯಾಕ ಬ್ಯಾರೆ ಕಲ್ಲಿಗೆ ಬ್ಯಾರೆ, ರೊಟ್ಟಿ ಚಟ್ನಿ ನಾವು ಕಟಗೊಂಡು ಬರ್ತೀವಿ, ಫೋಟೋದಾಗ ಅಳತಿ ತಿಳೀಲಿ ಅಂತ ಒಂದು ಸ್ಕೇಲು ಇರ್ಲಿ.